ಸಹಪಂಕ್ತಿಯ ಶಾಲೆ



ತುಮಕೂರು ಜಿಲ್ಲೆಯ ಬೋರನಕಣಿವೆಯ ಸುತ್ತಲಿನ ಊರುಗಳ ನಕ್ಷೆಯನ್ನು ಬಿಡಿಸಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸುವರ್ಣಮುಖಿಗೆ ಗುಡ್ಡಗಳ ನಡುವೆ ಅಡ್ಡಲಾಗಿ ಮೈಸೂರು ಸರ್ಕಾರ ಹತ್ತೊಂಬತ್ತನೇ ಶತಮಾನದ ಕೊನೆಗೆ ಕಟ್ಟಿಸಿದ ಈ ಕಟ್ಟೆಯ ಆಸುಪಾಸಿನಲ್ಲಿ ಊರು ಒಂದು ಕಡೆ, ಕೇರಿ ಇನ್ನೊಂದು ಕಡೆ, ಗೊಲ್ಲರ ಹಟ್ಟಿ ಬೇರೆ ದಿಕ್ಕಿಗೆ, ಲಂಬಾಣಿ ತಾಂಡಾ ಮತ್ತೂ ಆಚೆಗೆ. ಹುಳಿಯಾರು, ಚಿಕ್ಕನಾಯಕನಹಳ್ಳಿಯಂಥ ಪೇಟೆಗಳಲ್ಲಿ ಮುಸ್ಲಿಮರ ಮೊಹಲ್ಲಾಗಳು. ಗುಡಿಗಳು ಬೇರೆ, ಸ್ಮಶಾನಗಳು ಬೇರೆ, ಎಷ್ಟೋ ಕಡೆ ಬಾವಿಗಳೂ ಬೇರೆಯಾಗಿದ್ದವು. ತೆಂಗಿನ ತೋಟದಲ್ಲಿ ಎಲ್ಲರೂ ಸೇರುತ್ತಾರೆ ನಿಜ, ಆದರೆ ಅಲ್ಲಿ ಒಬ್ಬರು ಒಡೆಯರು, ಇನ್ನೊಬ್ಬರು ಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ಒಡೆಯುವವರು. ಸಂತೆಯಲ್ಲಿ ಸೇರಿದವರು ಕೊಡುವ ಕೊಳ್ಳುವ ಮಾತು ಮುಗಿದೊಡನೆ ಚದುರುತ್ತಾರೆ. ಇವರೆಲ್ಲರ ಮಕ್ಕಳು ಒಂದೇ ಸೂರಿನ ಕೆಳಗೆ, ಒಂದೇ ನೆಲದ ಮೇಲೆ, ವರ್ಷಗಟ್ಟಲೆ ಜೊತೆಯಾಗಿ ಕೂರುವ ಜಾಗ ಒಂದೇ ಒಂದು. ಅದು ಊರಿನ ಸರ್ಕಾರಿ ಪ್ರಾಥಮಿಕ ಶಾಲೆ. ಇಂದು ನಾನು ಮಂಡಿಸಬೇಕೆಂದಿರುವ ವಾದವೂ ಇಲ್ಲಿಂದಲೇ ಹೊರಡುತ್ತದೆ. ಊರಿನ ಎಲ್ಲ ಮಕ್ಕಳ ಜೊತೆ ಸರಿಸಮನಾಗಿ ಕೂತು ಕಲಿಯುವುದು ಪ್ರತಿ ಮಗುವಿನ ಹಕ್ಕು. ಮಾನವೀಯ ಶಿಕ್ಷಣವೆಂದು ನಾವು ಕರೆಯುವುದು ಈ ಕೂಡುವಿಕೆಯಿಂದ ಶುರುವಾಗುತ್ತದೆ. ಇದು ತಪ್ಪಿದ ಶಾಲೆಯಲ್ಲಿ ಸಮಾನತೆಯ ಪಾಠ ಎಷ್ಟು ಸೊಗಸಾಗಿದ್ದರೂ ಅದು ಪರೀಕ್ಷೆಯ ಉತ್ತರವಾಗಿಯೇ ಉಳಿಯುತ್ತದೆ.

ಈ ಕೂಡು ಶಾಲೆ ತಾನಾಗಿ ಹುಟ್ಟಿದ್ದಲ್ಲ, ಯಾರೋ ದಯೆಯಿಂದ ಕೊಟ್ಟದ್ದೂ ಅಲ್ಲ. ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು, ಜವಾನ ಮೇಲಿನಿಂದ ನೀರು ಹಾಕದಿದ್ದರೆ ಬಾಯಾರಿಯೇ ಇರಬೇಕಿತ್ತು ಎಂಬುದನ್ನು ನಾವೆಲ್ಲ ಓದಿದ್ದೇವೆ. ಮೈಸೂರು ಸಂಸ್ಥಾನದಲ್ಲಿ ಅದೇ ಕಾಲದಲ್ಲಿ ‘ಪಂಚಮ’ರೆಂದು ಕರೆಯುತ್ತಿದ್ದ ದಲಿತರ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. ಅಕ್ಷರ ಸಿಗುತ್ತಿತ್ತು, ಸಹವಾಸ ಸಿಗುತ್ತಿರಲಿಲ್ಲ. 1913ರಲ್ಲಿ ಸಂಸ್ಥಾನ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದು ಕಡ್ಡಾಯ ಶಿಕ್ಷಣದ ಕಡೆ ಹೆಜ್ಜೆ ಇಟ್ಟಿತು. ಅದೇ ದಶಕದ ಕೊನೆಯ ಹೊತ್ತಿಗೆ, ಸಿ. ಆರ್. ರೆಡ್ಡಿ ಅವರು ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದಾಗ, ಸರ್ಕಾರಿ ಶಾಲೆಗಳ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕೆಂಬ ನಿಲುವನ್ನು ಸರ್ಕಾರ ತಳೆಯಿತು. ವಿರೋಧ ಬಂತು, ತಮ್ಮ ಮಕ್ಕಳನ್ನು ಶಾಲೆ ಬಿಡಿಸಿದವರೂ ಇದ್ದರು. ಸರ್ಕಾರ ಹಿಂದೆ ಸರಿಯಲಿಲ್ಲ. ನೂರು ವರ್ಷಗಳ ಹಿಂದಿನ ಈ ಪ್ರಸಂಗದಲ್ಲಿ ಇವತ್ತಿಗೂ ಬೇಕಾದ ಪಾಠವೊಂದಿದೆ. ಶಾಲೆ ಸಮಾಜದ ಒಪ್ಪಿಗೆಗೆ ಕಾದಿದ್ದರೆ ಅದು ಎಂದಿಗೂ ಎಲ್ಲರದಾಗುತ್ತಿರಲಿಲ್ಲ. ನಮ್ಮದೇ ಜಿಲ್ಲೆಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಜಾತಿ ಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟದ್ದು ಈ ನೆಲದ ಹೆಮ್ಮೆ. ತೆಂಗಿನ ಸೀಮೆಯ ಎಷ್ಟೋ ಬಡಮನೆಗಳಲ್ಲಿ ಮೊದಲ ತಲೆಮಾರಿನ ಓದು ಶುರುವಾದದ್ದೇ ಆ ಮಠದ ಪಂಕ್ತಿಯಲ್ಲಿ. ಆದರೂ ಮಠದ ಕೃಪೆಯನ್ನು ಹಕ್ಕಿನ ಜಾಗದಲ್ಲಿ ಇಡಲಾಗದು. ಕೃಪೆ ಸಿಕ್ಕವರು ಕೃತಜ್ಞರಾಗಿರುತ್ತಾರೆ. ಹಕ್ಕು ಇರುವವರು ಅದು ಸಿಗದಾಗ ಕೇಳಬಲ್ಲರು. ಮಗುವಿಗೆ ಕೃತಜ್ಞತೆಯ ಜೊತೆಗೆ ಕೇಳುವ ಧೈರ್ಯವೂ ಬೇಕು.

ಕಾನೂನು ಈ ಧೈರ್ಯವನ್ನು ಕೊಟ್ಟದ್ದು ತಡವಾಗಿ. ಸಂವಿಧಾನ ಜಾರಿಯಾದ 10 ವರ್ಷದೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದು 45ನೇ ವಿಧಿ ಹೇಳಿತ್ತು. ಅದು ಮೂಲಭೂತ ಹಕ್ಕಾಗಲು 2002ರ 86ನೇ ತಿದ್ದುಪಡಿಯವರೆಗೆ, ಕಾಯ್ದೆಯಾಗಲು 2009ರವರೆಗೆ ಕಾಯಬೇಕಾಯಿತು. ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಈ ನಡುವೆ ವಿಶ್ವಸಂಸ್ಥೆ 1989ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು. ಶಿಕ್ಷಣ ಹಕ್ಕು ಕಾಯ್ದೆಯೆಂದರೆ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗಿಡುವ ಶೇಕಡಾ 25ರ ಸೀಟು ಎಂದಷ್ಟೇ ಜನ ತಿಳಿದಿದ್ದಾರೆ. ಅದರ 29ನೇ ಸೆಕ್ಷನ್ ಓದಿದವರು ಕಡಿಮೆ. ಪಠ್ಯಕ್ರಮ ಸಂವಿಧಾನದ ಮೌಲ್ಯಗಳಿಗೆ ಒಪ್ಪುವಂತಿರಬೇಕು, ಮಗು ಭಯ ಆತಂಕಗಳಿಲ್ಲದೆ ತನ್ನ ಅನಿಸಿಕೆ ಹೇಳುವಂತಾಗಬೇಕು, ಸಾಧ್ಯವಾದ ಮಟ್ಟಿಗೆ ಕಲಿಕೆ ತಾಯ್ನುಡಿಯಲ್ಲಿರಬೇಕು ಎಂದು ಅದು ಹೇಳುತ್ತದೆ. 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ದುರ್ಬಲ ವರ್ಗದ ಮಗುವಿಗೆ ತಾರತಮ್ಯವಾಗದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದು 8 ಮತ್ತು 9ನೇ ಸೆಕ್ಷನ್‌ಗಳು ಸ್ಪಷ್ಟವಾಗಿ ಬರೆದಿವೆ. ಹುಟ್ಟುವಾಗ ಪ್ರತಿ ಮಗುವೂ ವಿಶ್ವಮಾನವ, ಬೆಳೆಯುತ್ತ ನಾವು ಅದನ್ನು ಜಾತಿ ಮತಗಳಿಗೆ ಕಟ್ಟಿಹಾಕುತ್ತೇವೆ ಎಂದು ಕುವೆಂಪು ಕನ್ನಡಿಗರಿಗೆ ಎಚ್ಚರ ಹೇಳಿದ್ದರು. ಕಾಯ್ದೆಯ ಭಾಷೆ ಶುಷ್ಕವಾಗಿದ್ದರೂ ಅದರ ಒಳಗಿರುವ ಕಾಳಜಿ ಅದೇ.

ಈ ಕಾಳಜಿಯ ನಿಜವಾದ ಪರೀಕ್ಷೆ ನಡೆಯುವುದು ತರಗತಿಗಿಂತ ಹೆಚ್ಚಾಗಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ ಅದು ‘ಅಕ್ಷರ ದಾಸೋಹ’ ಎಂಬ ಹೆಸರಿನಲ್ಲಿ ಈಶಾನ್ಯ ಜಿಲ್ಲೆಗಳಿಂದ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿತು. 2004ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಲಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು. ಅದರ ಹಿಂದಿನ ವಿವೇಕವನ್ನು ಗಮನಿಸಬೇಕು. ಯಾರ ಕೈಯ ನೀರನ್ನು ಮನೆಯಲ್ಲಿ ಮುಟ್ಟುವುದಿಲ್ಲವೋ ಅವರ ಕೈಯ ಅನ್ನವನ್ನು ಆರು ವರ್ಷದ ಮಗು ಸಹಜವಾಗಿ ಉಣ್ಣತೊಡಗಿದರೆ, ಸಾವಿರ ಭಾಷಣಗಳಿಂದ ಆಗದ ಕೆಲಸ ಒಂದು ತಟ್ಟೆಯಿಂದ ಆಗುತ್ತದೆ. ಇದಕ್ಕೆ ಎದುರಾಗಿ ಬರುವುದು ಮಗುವಲ್ಲ, ಮನೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆಯಿಂದ ಬಹುತೇಕ ಮಕ್ಕಳು ಹೊರಟುಹೋದ ಸುದ್ದಿ ಬಂತು. ಮುಖ್ಯ ಅಡುಗೆಯವರಾಗಿ ದಲಿತ ಮಹಿಳೆ ಬಂದದ್ದೇ ಕಾರಣ ಎಂಬ ಆರೋಪ ಕೇಳಿ ಬಂದಿತ್ತು. ಪಾಠ ಸರಿಯಿಲ್ಲ ಎಂದು ಕೆಲವು ಪೋಷಕರು ಬೇರೆ ಕಾರಣ ಕೊಟ್ಟರು. ಶಾಲೆ ಖಾಲಿಯಾದದ್ದಂತೂ ಸತ್ಯ. ಅಧಿಕಾರಿಗಳು ಊರಿಗೆ ಬಂದು ಮಾತಾಡಿ ಕೆಲವರನ್ನು ವಾಪಸು ಕರೆಸಬೇಕಾಯಿತು. ಅದಕ್ಕೂ ಮೊದಲು, 2023ರ ಡಿಸೆಂಬರ್‌ನಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿ ಶುಚಿ ಮಾಡಲು ಇಳಿಸಿದ್ದು ಬಯಲಾಗಿ ಪ್ರಕರಣ ದಾಖಲಾಯಿತು. ಆ ಶಾಲೆಯ ಪಠ್ಯಪುಸ್ತಕದಲ್ಲೂ ಸಂವಿಧಾನದ ಪೀಠಿಕೆ ಅಚ್ಚಾಗಿತ್ತು. ಮಗು ಪುಸ್ತಕದಲ್ಲಿ ಓದುವುದಕ್ಕಿಂತ ಶಾಲೆ ತನ್ನ ಮಕ್ಕಳಲ್ಲಿ ಯಾರಿಗೆ ಯಾವ ಕೆಲಸ ಹೇಳುತ್ತದೆ ಎಂಬುದನ್ನು ನೋಡಿ ಕಲಿಯುತ್ತದೆ. ಪೊರಕೆ ಯಾರ ಕೈಗೆ, ಗಂಟೆ ಬಾರಿಸುವ ಕೋಲು ಯಾರ ಕೈಗೆ, ಅತಿಥಿಗೆ ಹಾರ ಹಿಡಿದು ನಿಲ್ಲುವವರು ಯಾರು ಎಂಬುದನ್ನು ಒಂದು ವಾರ ಗಮನಿಸಿದರೆ ಯಾವ ಶಾಲೆಯ ಮಾನವೀಯತೆಯನ್ನೂ ಅಳೆಯಬಹುದು.

ತಟ್ಟೆಯಲ್ಲಿ ಮೊಟ್ಟೆ ಬಂದಾಗಲೂ ಇಂಥದ್ದೇ ಪರೀಕ್ಷೆ ಎದುರಾಯಿತು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಅಪೌಷ್ಟಿಕತೆಯ ಕಾರಣಕ್ಕೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಒಂದೇ ಶಾಲೆಯಲ್ಲಿ ತಿನ್ನುವವರು ತಿನ್ನದವರು ಎಂಬ ಭೇದ ಹುಟ್ಟುತ್ತದೆ ಎಂಬುದು ಅವರ ವಾದ. ತಿನ್ನದ ಮಗುವಿಗೆ ಬಾಳೆಹಣ್ಣು ಇತ್ತು, ಬಲವಂತ ಇರಲಿಲ್ಲ. ಭೇದ ಮೊದಲೇ ಇತ್ತು. ಅಲ್ಲಿಯವರೆಗೆ ಒಂದು ಬಗೆಯ ಮನೆಯ ಊಟವೇ ಶಾಲೆಯ ಊಟವೆನಿಸಿಕೊಂಡಿದ್ದರಿಂದ ಅದು ಕಾಣುತ್ತಿರಲಿಲ್ಲ, ಅಷ್ಟೆ. ಮೊಟ್ಟೆ ತಿನ್ನುವ ಮಗುವೂ ಬಾಳೆಹಣ್ಣು ತಿನ್ನುವ ಮಗುವೂ ಪಕ್ಕಪಕ್ಕದಲ್ಲಿ ಕೂತು, ಇಬ್ಬರೂ ನಾಚದೆ ಉಣ್ಣುವುದನ್ನು ಕಲಿತರೆ ಅದಕ್ಕಿಂತ ದೊಡ್ಡ ಪೌರಶಾಸ್ತ್ರದ ಪಾಠ ಬೇರೆ ಇಲ್ಲ. ಆಮೇಲೆ ಯೋಜನೆ ರಾಜ್ಯದಾದ್ಯಂತ ಹರಡಿದೆ, ಶಾಲೆಗಳು ಒಡೆದಿಲ್ಲ.

ಭಾಷೆಯ ವಿಚಾರದಲ್ಲಿ ನಾವು ಕನ್ನಡಿಗರು ನಮ್ಮ ಆತ್ಮಸಾಕ್ಷಿಯನ್ನು ಇನ್ನಷ್ಟು ಕಠಿಣವಾಗಿ ಪ್ರಶ್ನಿಸಿಕೊಳ್ಳಬೇಕು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಅಲ್ಲಿನ ಮಕ್ಕಳು, ಪೋಷಕರು ಪ್ರತಿಭಟಿಸಿದ್ದಾರೆ. ನಾವು ಇಲ್ಲಿಂದ ದನಿಗೂಡಿಸಿದ್ದೇವೆ, ಅದು ನ್ಯಾಯವೂ ಹೌದು. ಹಾಗಾದರೆ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತಾಂಡಾದಿಂದ ಒಂದನೇ ತರಗತಿಗೆ ಬರುವ ಮಗುವಿನ ಮನೆಮಾತು ಲಂಬಾಣಿ ಎಂಬುದು ನಮಗೆ ಏಕೆ ನೆನಪಾಗುವುದಿಲ್ಲ? ಮೊದಲ ದಿನ ಗುರುಗಳು ಆಡುವ ಮಾತು ಆ ಮಗುವಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ಸುಮ್ಮನೆ ಕೂತ ಅದನ್ನು ‘ಮಂಕು’ ಎಂದು ಬರೆದಿಡುವುದು ಸುಲಭ. ಆ ಮಗು ಕನ್ನಡ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ಮನೆಮಾತನ್ನು ಮೆಟ್ಟಿಲಾಗಿ ಹತ್ತಿ ಕಲಿಯಬೇಕು. ಮಗು ಇರುವಲ್ಲಿಂದಲೇ ಕಲಿಕೆ ಶುರು ಮಾಡುವ ದಾರಿ ನಮಗೆ ಗೊತ್ತಿಲ್ಲದ್ದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೇ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿ ಬಂದು ರೂಪಿಸಿದ ‘ನಲಿ ಕಲಿ’ ಮುಂದೆ ರಾಜ್ಯದ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಏರುವುದು, ಬೇರೆ ಬೇರೆ ವಯಸ್ಸಿನವರು ಗುಂಪಿನಲ್ಲಿ ಕೂತು ಒಬ್ಬರಿಗೊಬ್ಬರು ಕಲಿಸುವುದು ಅದರ ಜೀವಾಳ. ಕಲಿಕೆಯ ಕಾರ್ಡುಗಳ ನಿರ್ವಹಣೆ ಹೊರೆ, ಪುಸ್ತಕವಿಲ್ಲದ ಓದನ್ನು ಪೋಷಕರು ನಂಬುವುದಿಲ್ಲ, ಒಬ್ಬರೇ ಶಿಕ್ಷಕರಿರುವ ಕಡೆ ಇದು ಹೆಸರಿಗಷ್ಟೇ ಎಂಬ ಟೀಕೆಗಳಿವೆ. ಇವುಗಳಲ್ಲಿ ನಿಜವಿದೆ. ಆದರೂ ಹಿಂದುಳಿದ ತಾಲ್ಲೂಕೊಂದರ ಮೇಷ್ಟ್ರುಗಳು ಮಗುವಿನ ಘನತೆಯನ್ನು ಬೋಧನಕ್ರಮವನ್ನಾಗಿಸಿದ ಈ ಪ್ರಯತ್ನ ನಮ್ಮ ಶಿಕ್ಷಣದ ಚರಿತ್ರೆಯ ದೊಡ್ಡ ಅಧ್ಯಾಯ.

ಹೀಗೆ ಪ್ರತಿ ಸಮುದಾಯದ ಭಾಷೆ, ಊಟಗಳನ್ನು ಗೌರವಿಸಬೇಕೆಂದರೆ ಅವರ ಕಟ್ಟಳೆಗಳನ್ನೂ ಗೌರವಿಸಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ನಮ್ಮ ಸೀಮೆಯ ಕೆಲವು ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣನ್ನೂ ಬಾಣಂತಿಯನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಿನಲ್ಲಿ ತಾಯಿಯೊಂದಿಗಿದ್ದ ಹಸುಗೂಸು ಮಳೆ ಚಳಿಗೆ ಸಿಲುಕಿ ತೀರಿಕೊಂಡಾಗ ನಾಡು ಬೆಚ್ಚಿತು. ಹೊರಗಿರುವ ಹೆಂಗಸರಿಗೆ ನೆರಳಾಗಲಿ ಎಂದು ಸರ್ಕಾರ ‘ಕೃಷ್ಣ ಕುಟೀರ’ಗಳನ್ನು ಕಟ್ಟಿಸಿತ್ತು. ಉದ್ದೇಶ ಒಳ್ಳೆಯದಿದ್ದರೂ ಹೊರಗಿಡುವುದಕ್ಕೆ ಅದು ಸಿಮೆಂಟಿನ ಗೋಡೆ ಕೊಟ್ಟಂತಾಯಿತು. ಏಳನೇ ತರಗತಿಯ ಹುಡುಗಿ ತಿಂಗಳಿಗೆ ಕೆಲವು ದಿನ ಹೀಗೆ ದೂರ ಉಳಿದರೆ ಅವಳ ಓದು ಎಲ್ಲಿಗೆ ಬಂದು ನಿಲ್ಲುತ್ತದೆ? ಇಲ್ಲಿ ಉತ್ತರ ನೇರವಾಗಿರಬೇಕು. ಹಕ್ಕು ಇರುವುದು ಮಗುವಿಗೆ. ಸಮುದಾಯದ ಹಾಡು, ಕತೆ, ಜುಂಜಪ್ಪನ ಕಾವ್ಯ, ಕುರಿ ಸಾಕಣೆಯ ಜ್ಞಾನ ಎಲ್ಲವೂ ಶಾಲೆಯೊಳಗೆ ಗೌರವದಿಂದ ಬರಬೇಕು. ಮಗುವನ್ನು ಶಾಲೆಯಿಂದ ಹೊರಗಿಡುವ ಕಟ್ಟಳೆಗೆ ಮಾತ್ರ ಆ ಗೌರವ ಸಲ್ಲದು. ಈ ಬದಲಾವಣೆಯನ್ನು ಬೈದು ಸಾಧಿಸಲಾಗದು. ಹಟ್ಟಿಯನ್ನು ಅವಮಾನಿಸಿದ ಶಾಲೆಗೆ ಹಟ್ಟಿಯ ಹುಡುಗಿ ಬರುವುದಿಲ್ಲ. ನೀರಿರುವ ಶೌಚಾಲಯ, ನಂಬಬಹುದಾದ ಶಿಕ್ಷಕಿ, ‘ಶುಚಿ’ ಯೋಜನೆಯ ಪ್ಯಾಡು ತಪ್ಪದೆ ಸಿಗುವುದು, ಇವು ಮೊದಲು ಆಗಬೇಕು.

ಸಮವಸ್ತ್ರದ ಮಾತನ್ನು ಬಿಟ್ಟು ಈ ವಿಷಯ ಮುಗಿಯುವುದಿಲ್ಲ. ಎಲ್ಲರೂ ಒಂದೇ ಬಟ್ಟೆ ತೊಟ್ಟರೆ ಬಡವ ಬಲ್ಲಿದರ ಭೇದ ಮರೆಯಾಗುತ್ತದೆ ಎಂಬುದು ಒಪ್ಪಬೇಕಾದ ಮಾತು. ಆದರೆ 2022ರ ಆರಂಭದಲ್ಲಿ ಉಡುಪಿಯಿಂದ ಹೊತ್ತಿಕೊಂಡ ಹಿಜಾಬ್ ವಿವಾದದಲ್ಲಿ ಅದೇ ಸಮವಸ್ತ್ರ ಹೆಣ್ಣುಮಕ್ಕಳನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸುವ ಸಾಧನವಾಯಿತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅವರಲ್ಲಿ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರ ಮನಸ್ಸಿನಲ್ಲಿದ್ದದ್ದು ಹೆಣ್ಣುಮಕ್ಕಳ ಓದಿನ ಪ್ರಶ್ನೆ. ನನ್ನ ನಿಲುವೂ ಅದೇ. ಧರ್ಮದಲ್ಲಿ ಹಿಜಾಬ್ ಕಡ್ಡಾಯವೇ ಅಲ್ಲವೇ ಎಂದು ಹಿರಿಯರು ವಾದಿಸುತ್ತಿದ್ದಾಗ ಪರೀಕ್ಷೆ ತಪ್ಪಿಸಿಕೊಂಡವರು ಮಕ್ಕಳು. ಮಗುವನ್ನು ಒಳಗೆ ತರುವ ನಿಯಮ ಶಾಲೆಯ ನಿಯಮ. ಹೊರಗೆ ಕಳಿಸುವ ನಿಯಮಕ್ಕೆ ಬಹಳ ಬಲವಾದ ಸಮರ್ಥನೆ ಬೇಕು. ಅಂಥ ಸಮರ್ಥನೆ ಅಲ್ಲಿ ಇರಲಿಲ್ಲ.

ಮಕ್ಕಳ ಹಕ್ಕು ಎಂಬುದೇ ಪಶ್ಚಿಮದ ಸರಕು, ಅದರಿಂದ ಮಕ್ಕಳು ಹದ ತಪ್ಪುತ್ತಾರೆ ಎಂಬ ಆಕ್ಷೇಪ ನಮ್ಮ ಹಳ್ಳಿಗಳಲ್ಲಿ, ಶಿಕ್ಷಕರ ಕೊಠಡಿಗಳಲ್ಲೂ, ಪ್ರಾಮಾಣಿಕವಾಗಿ ಕೇಳಿಬರುತ್ತದೆ. ಏಟು ತಿಂದೇ ನಾವು ಮುಂದೆ ಬಂದೆವು ಎನ್ನುವವರು ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು ಹೋದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮುಂದೆ ಬಂದವರಷ್ಟೇ ಸಾಕ್ಷಿ ಹೇಳುವ ನ್ಯಾಯಾಲಯ ಅದು. ಇನ್ನು ಪರದೇಶದ ಸರಕು ಎಂಬ ಮಾತು. ಮಕ್ಕಳ ಒಡಂಬಡಿಕೆಯ ಪ್ರಸ್ತಾವವನ್ನು ವಿಶ್ವಸಂಸ್ಥೆಯ ಮುಂದಿಟ್ಟದ್ದು ಪೋಲೆಂಡ್. ವಾರ್ಸಾದಲ್ಲಿ ಅನಾಥಾಲಯ ನಡೆಸಿ, ಮಕ್ಕಳದೇ ನ್ಯಾಯಾಲಯ, ಮಕ್ಕಳದೇ ಪತ್ರಿಕೆ ಕಟ್ಟಿದ ಯಾನುಷ್ ಕೊರ್ಚಾಕ್ ಆ ದೇಶದವರು. 1942ರಲ್ಲಿ ನಾಜಿಗಳು ಅವರ ಮಕ್ಕಳನ್ನು ಟ್ರೆಬ್ಲಿಂಕಾಕ್ಕೆ ಒಯ್ದಾಗ ಆತ ಮಕ್ಕಳ ಕೈ ಬಿಡದೆ ಜೊತೆಗೇ ಹೋದರು. ಆದರೆ ಅದೇ ಅರಿವು ನಮ್ಮಲ್ಲಿ ನಮ್ಮದೇ ದಾರಿಯಿಂದ ಬಂದಿದೆ. 1990ರ ದಶಕದಲ್ಲಿ ಕುಂದಾಪುರದ ಕಡೆಯ ಗ್ರಾಮಗಳಲ್ಲಿ ದುಡಿಯುವ ಮಕ್ಕಳು ‘ಮಕ್ಕಳ ಪಂಚಾಯಿತಿ’ ಕಟ್ಟಿ ಊರಿನ ಸಮಸ್ಯೆಗಳನ್ನು ಹಿರಿಯರ ಮುಂದಿಟ್ಟರು. ಆಮೇಲೆ ಕರ್ನಾಟಕ ಸರ್ಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ‘ಮಕ್ಕಳ ಗ್ರಾಮಸಭೆ’ ನಡೆಯಬೇಕೆಂದು ಸುತ್ತೋಲೆ ಹೊರಡಿಸಿತು. ಇಂದು ಬಹಳ ಕಡೆ ಅದು ಒಂದು ಫೋಟೊ, ಒಂದು ಬಿಸ್ಕತ್ತಿನ ಪೊಟ್ಟಣಕ್ಕೆ ಇಳಿದಿದೆ. ಆದರೂ ಶಾಲೆಗೆ ಬರುವ ದಾರಿಯಲ್ಲಿ ಹಳ್ಳ ದಾಟಲು ಸೇತುವೆ ಇಲ್ಲ, ಶೌಚಾಲಯಕ್ಕೆ ಬಾಗಿಲಿಲ್ಲ, ಶಾಲೆಯ ಪಕ್ಕ ಸಾರಾಯಿ ಮಾರುತ್ತಾರೆ ಎಂದು ಮಕ್ಕಳು ಎದ್ದು ನಿಂತು ಹೇಳುವ ಆ ವೇದಿಕೆ ನಮ್ಮದು. ಅದನ್ನು ಉಪಯೋಗಿಸದಿರುವುದು ನಮ್ಮ ಸೋಲು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ಬರುತ್ತೇನೆ. ಕೂಡು ಶಾಲೆ ಒಳ್ಳೆಯದೇ ಇರಬಹುದು, ಆದರೆ ಅಲ್ಲಿ ಪಾಠ ನಡೆಯುವುದಿಲ್ಲ. ನನ್ನ ಮಗುವಿಗೆ ಒಳ್ಳೆಯ ಶಾಲೆ ಆರಿಸುವ ಸ್ವಾತಂತ್ರ್ಯ ನನಗಿದೆ ಎನ್ನುತ್ತಾರೆ ಪೋಷಕರು. ಕೊಬ್ಬರಿಗೆ ಒಂದಿಷ್ಟು ಬೆಲೆ ಬಂದ ವರ್ಷ ತಿಪಟೂರು, ತುರುವೇಕೆರೆ, ಹುಳಿಯಾರಿನ ಇಂಗ್ಲಿಷ್ ಶಾಲೆಗಳ ಹಳದಿ ಬಸ್ಸು ಇನ್ನೊಂದು ಊರಿನವರೆಗೆ ಬರುತ್ತದೆ. ಈ ಪೋಷಕರನ್ನು ದೂರುವುದು ನನ್ನ ಉದ್ದೇಶವಲ್ಲ. ಐದು ತರಗತಿಗೆ ಇಬ್ಬರೇ ಶಿಕ್ಷಕರು, ಅವರಿಗೂ ಗಣತಿ, ಚುನಾವಣೆ, ದಾಖಲಾತಿಗಳ ಕೆಲಸ ಇರುವ ಶಾಲೆಯಿಂದ ಯಾರಾದರೂ ದೂರ ಸರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ಆಯ್ಕೆಯ ಫಲವನ್ನು ನೋಡಬೇಕು. ತೋಟವುಳ್ಳವರ ಮಕ್ಕಳು ಬಸ್ಸು ಹತ್ತಿದ ಮೇಲೆ ಊರಿನ ಶಾಲೆಯಲ್ಲಿ ಉಳಿಯುವವರು ಕೇರಿಯವರು, ತಾಂಡಾದವರು, ಹಟ್ಟಿಯವರು, ಕೂಲಿಗೆ ಬಂದ ವಲಸೆಯವರು. ಊರಿನ ದನಿಯುಳ್ಳವರು ಹೋದ ಮೇಲೆ ಆ ಶಾಲೆಯ ಪರ ಮಾತಾಡುವವರು ಇರುವುದಿಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ, ಕೊನೆಗೆ ವಿಲೀನದ ಆದೇಶ ಬರುತ್ತದೆ. ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ಕರಿಯ ಬಿಳಿಯ ಮಕ್ಕಳ ಪ್ರತ್ಯೇಕ ಶಾಲೆಗಳನ್ನು ತಳ್ಳಿಹಾಕಿದಾಗ ಕಟ್ಟಡ, ಪುಸ್ತಕ ಸಮವಾಗಿದ್ದರೂ ಬೇರ್ಪಡಿಸುವುದೇ ಮಗುವಿನ ಮನಸ್ಸನ್ನು ಗಾಯಗೊಳಿಸುತ್ತದೆ ಎಂದಿತು. ಅಲ್ಲಿ ಕಾನೂನು ಬೇರ್ಪಡಿಸಿತ್ತು, ಇಲ್ಲಿ ಶುಲ್ಕ ಬೇರ್ಪಡಿಸುತ್ತಿದೆ. ನೂರು ವರ್ಷದ ಹಿಂದೆ ಮೈಸೂರು ಸರ್ಕಾರ ಹಟ ಹಿಡಿದು ತೆರೆದ ಬಾಗಿಲು ಈಗ ಆದೇಶವಿಲ್ಲದೆ, ಗಲಾಟೆಯಿಲ್ಲದೆ ಮುಚ್ಚಿಕೊಳ್ಳುತ್ತಿದೆ. ಬಸ್ಸು ಹತ್ತಿದ ಮಗುವಿಗೂ ನಷ್ಟವೇ. ತನ್ನ ತೋಟದಲ್ಲಿ ದುಡಿಯುವವರ ಮಗನನ್ನು ಗೆಳೆಯನಾಗಿ ಅರಿಯದೆ ಅದು ದೊಡ್ಡದಾಗುತ್ತದೆ.

ಕಾಯ್ದೆಯ ಶೇಕಡಾ 25ರ ಸೀಟು ಇದನ್ನು ಸರಿಪಡಿಸುತ್ತದೆಂದು ಕೆಲವರು ನಂಬಿದ್ದರು. ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಜಾಗ ಸಿಕ್ಕಿತು, ಅದರ ಜೊತೆಗೇ ಸರ್ಕಾರಿ ಶಾಲೆ ಇನ್ನಷ್ಟು ಬರಿದಾಯಿತು. 2019ರಿಂದ ಕರ್ನಾಟಕ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ಕಡೆ ಈ ಸೀಟುಗಳನ್ನು ಕೈಬಿಟ್ಟಿತು. ಸರ್ಕಾರದ ತರ್ಕದಲ್ಲಿ ಅರ್ಧ ಸತ್ಯವಿತ್ತು: ನೆರೆಯ ಶಾಲೆ ಉಳಿಯಬೇಕು. ಉಳಿದರ್ಧ, ಅಂದರೆ ಆ ನೆರೆಯ ಶಾಲೆಗೆ ತರಗತಿಗೊಬ್ಬ ಶಿಕ್ಷಕರನ್ನು ಕೊಡುವ ಕೆಲಸ, ಹಾಗೆಯೇ ಉಳಿಯಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಸಮಾನ ಶಾಲಾ ವ್ಯವಸ್ಥೆಯನ್ನು, ಎಲ್ಲ ಮಕ್ಕಳೂ ನೆರೆಯ ಶಾಲೆಗೇ ಹೋಗುವ ಪದ್ಧತಿಯನ್ನು ಶಿಫಾರಸು ಮಾಡಿತ್ತು. ಅರವತ್ತು ವರ್ಷಗಳಾದರೂ ಯಾವ ಸರ್ಕಾರವೂ ಅದನ್ನು ಪೂರ್ತಿಯಾಗಿ ಜಾರಿಗೆ ತಂದಿಲ್ಲ. ಸರ್ಕಾರ ಮಾಡಲಿ ಎಂದು ಕಾಯುವ ಬದಲು ಊರು ಮಾಡಬಹುದಾದದ್ದೂ ಇದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಆ ಸಮಿತಿಯಲ್ಲಿ ತಾಂಡಾದ ತಾಯಿಯೂ ತೋಟದ ಮನೆಯ ತಾಯಿಯೂ ಜೊತೆಗೆ ಕೂತು ಶಿಕ್ಷಕರು ಬೇಕು ಎಂದು ಅರ್ಜಿ ಬರೆದರೆ ಅದನ್ನು ತಳ್ಳಿಹಾಕುವುದು ಯಾವ ಅಧಿಕಾರಿಗೂ ಸುಲಭವಲ್ಲ. ತೆಂಗಿನ ಸೀಮೆಯ ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ಸಲದ ಮಕ್ಕಳ ಗ್ರಾಮಸಭೆಗೆ ಹೋಗಿ ಮಕ್ಕಳು ಹೇಳಿದ್ದನ್ನು ನಡಾವಳಿಯಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಅದಕ್ಕೆ ಉತ್ತರ ಕೇಳಿ. ಬರುವ ಜೂನ್‌ನಲ್ಲಿ ಮನೆಯ ಮಗುವಿನ ಹೆಸರನ್ನು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಬರೆಸಿ.